ಉನ್ನತ ಶಿಕ್ಷಣದ ಸಾಲ ಮತ್ತು ಆದಾಯ ಕರ

ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ರಾತ್ರಿಶಾಲೆಗಳಲ್ಲಿ ವಿದ್ಯೆ ಸಂಪಾದಿಸಿದವರ ಪರಂಪರೆ ಮುಂಬಯಿ ಕನ್ನಡಿಗರದು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ಕಲೀನಾದ ವಿದ್ಯಾಪೀಠದಲ್ಲಿ, ಪವಾಯಿಯ ಐ.ಐ.ಟಿ.ಯಲ್ಲಿ, ಪರದೇಶಗಳಲ್ಲಿಯೂ ಸ್ನಾತಕೋತ್ತರ ವ್ಯಾಸಂಗ ನಡೆಸುತ್ತಿದ್ದಾರೆ. ಇದಕ್ಕಾಗಿ ಬ್ಯಾಂಕಿನ ಸಾಲ ಪಡೆಯುವ ಕುಟುಂಬಗಳು ಅನೇಕ. ಆದರೆ ಕರದ ಸವಲತ್ತು ಯಾರಿಗೆ, ಎಷ್ಟು ಕಾಲ ಎಂಬುದನ್ನು ಸಾಲಪತ್ರಕ್ಕೆ ಸಹಿ ಹಾಕುವ ಮುನ್ನವೇ ತಿಳಿದುಕೊಳ್ಳುವವರು ವಿರಳ.

ಮೊದಲನೆಯದು ವಿದ್ಯಾರ್ಥಿವೇತನ. ಶಿಕ್ಷಣದ ವೆಚ್ಚಕ್ಕೆಂದು ದೊರೆಯುವ ವಿದ್ಯಾರ್ಥಿವೇತನಕ್ಕೆ, ಅದು ಸರಕಾರದ್ದಿರಲಿ, ಜಾತೀಯ ಸಂಘದ್ದಿರಲಿ, ಕರವಿಲ್ಲ. ಆದರೆ ಮಾಡಿದ ಕೆಲಸಕ್ಕೆ ಪ್ರತಿಫಲವಾಗಿ ಬರುವ ಹಣ ಈ ವರ್ಗಕ್ಕೆ ಸೇರದು.

ಎರಡನೆಯದು 1961ರ ಆದಾಯ ಕರ ಕಾಯ್ದೆಯ 80ಇ ಕಲಮು. ಶಿಕ್ಷಣ ಸಾಲಕ್ಕೆ ಕಟ್ಟಿದ ಬಡ್ಡಿಯನ್ನು ಇದರನ್ವಯ ಆದಾಯದಿಂದ ಪೂರ್ತಿಯಾಗಿ ಕಳೆಯಬಹುದು; ಗರಿಷ್ಠ ಮಿತಿಯಿಲ್ಲ. ಅಸಲಿಗೆ ಈ ಸೌಲಭ್ಯವಿಲ್ಲ. ಸಾಲವು ತನ್ನ, ಬಾಳಸಂಗಾತಿಯ, ಮಕ್ಕಳ ಅಥವಾ ತಾನು ಕಾನೂನುಬದ್ಧ ಪಾಲಕನಾಗಿರುವ ವಿದ್ಯಾರ್ಥಿಯ ಉನ್ನತ ಶಿಕ್ಷಣಕ್ಕಾಗಿರಬೇಕು. ಬ್ಯಾಂಕು, ಅಧಿಸೂಚಿತ ಹಣಕಾಸು ಸಂಸ್ಥೆ ಅಥವಾ ಮನ್ನಣೆ ಪಡೆದ ಧರ್ಮಾರ್ಥ ಸಂಸ್ಥೆಯಿಂದ ಅದನ್ನು ಪಡೆದಿರಬೇಕು. ಬಂಧುಮಿತ್ರರ ಕೈಸಾಲ ಸಲ್ಲದು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಸಾಲ ಪಡೆದು, ತನ್ನ ಆದಾಯದಿಂದ ಬಡ್ಡಿ ಕಟ್ಟಿದವರಿಗೆ ಮಾತ್ರ ಈ ಸವಲತ್ತು. ಕೇವಲ ಜಾಮೀನು ನಿಂತ ತಂದೆಗಿಲ್ಲ. ಎರಡನೆಯದಾಗಿ, ಬಡ್ಡಿ ಕಟ್ಟಲಾರಂಭಿಸಿದ ವರ್ಷವೂ ಸೇರಿ ಒಟ್ಟು ಎಂಟು ವರ್ಷ ಮಾತ್ರ ಇದು ಲಭ್ಯ. ಆದಾಯವಿಲ್ಲದ ವಿದ್ಯಾರ್ಥಿಯ ಹೆಸರಿನ ಸಾಲಕ್ಕೆ ವ್ಯಾಸಂಗದ ಅವಧಿಯಲ್ಲಿಯೇ ಬಡ್ಡಿ ಕಟ್ಟತೊಡಗಿದರೆ ಆ ವರ್ಷಗಳು ಕರದ ದೃಷ್ಟಿಯಿಂದ ವ್ಯರ್ಥವಾಗುತ್ತವೆ.

ಮೂರನೆಯದು 80ಸಿ ಕಲಮು. ಭಾರತದಲ್ಲಿ ಪೂರ್ಣಾವಧಿ ವ್ಯಾಸಂಗ ಮಾಡುವ ಇಬ್ಬರು ಮಕ್ಕಳವರೆಗೆ ಬೋಧನಾ ಶುಲ್ಕವನ್ನು, ಭವಿಷ್ಯನಿಧಿ, ಜೀವವಿಮೆಗಳೊಡನೆ ಸೇರಿಸಿ, 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ಕಳೆಯಬಹುದು. ದೇಣಿಗೆ, ಅಭಿವೃದ್ಧಿ ಶುಲ್ಕಗಳಿಗೆ ಇದು ಅನ್ವಯಿಸದು.

80ಇ ಮತ್ತು 80ಸಿ ಸವಲತ್ತುಗಳು ಹಳೆಯ ಕರಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಆ ಪದ್ಧತಿಯಲ್ಲಿ ಶೇ. 30ರ ಹಂತದಲ್ಲಿರುವವರು 1 ಲಕ್ಷ ರೂಪಾಯಿ ಬಡ್ಡಿ ಕಟ್ಟಿದರೆ ಸೆಸ್ ಸೇರಿ 31,200 ರೂಪಾಯಿ ಉಳಿಯುತ್ತದೆ. ಆದರೆ ಹೊಸ ಪದ್ಧತಿಯಲ್ಲಿ 2025-26ರ ಸಾಮಾನ್ಯ ಆದಾಯ 12 ಲಕ್ಷದವರೆಗಿದ್ದರೆ ಕರವೇ ಇಲ್ಲ. ಹೊಸದಾಗಿ ನೌಕರಿಗೆ ಸೇರಿದ ಪದವೀಧರರಲ್ಲಿ ಬಹಳಷ್ಟು ಜನರಿಗೆ ಇದೇ ಲಾಭಕರ. ಸಂಬಳದಾರರು ವರ್ಷವರ್ಷವೂ ಎರಡೂ ಲೆಕ್ಕ ಹಾಕಿ ನೋಡುವುದು ಲೇಸು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದುದನ್ನೂ ಗಮನಿಸಬೇಕು.

ಪ್ರತಿವರ್ಷ ಬ್ಯಾಂಕಿನಿಂದ ಬಡ್ಡಿಯ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಬೇಕು. ಆದರೆ ಕರ ಉಳಿಸುವ ಆಸೆಯಿಂದ ಸಾಲವನ್ನು ಬೆಳೆಸುವುದು ಜಾಣತನವಲ್ಲ. ರೂಪಾಯಿ ಬಡ್ಡಿಗೆ ಉಳಿಯುವುದು ಶೇ. 30ರ ಹಂತದವರಿಗೂ ಸಾಮಾನ್ಯವಾಗಿ ಮೂವತ್ತೊಂದು ಪೈಸೆಯ ಆಸುಪಾಸು. ಉಳಿದುದು ಕಿಸೆಯಿಂದಲೇ ಹೋಗುತ್ತದೆ. ಕೈಯಲ್ಲಿ ಹಣವಿದ್ದಾಗ ಸಾಲ ತೀರಿಸಿ, ಮಕ್ಕಳನ್ನು ಋಣಭಾರವಿಲ್ಲದೆ ಬದುಕಿನ ಹಾದಿಗೆ ಕಳುಹಿಸುವುದೇ ನಿಜವಾದ ಉಳಿತಾಯ.