ಪೀಟರ್ ಮೊಲದ ಹಳೆಯ ಪ್ರತಿಗಳು

ಪ್ರಾಣಿಗಳೇ ಪಾತ್ರಗಳಾಗಿರುವ ಹಳೆಯ ಸಚಿತ್ರ ಮಕ್ಕಳ ಪುಸ್ತಕಗಳ ಸಂಗ್ರಾಹಕರಿಗೆ ಇಂಗ್ಲೆಂಡಿನ ಬೀಟ್ರಿಕ್ಸ್ ಪಾಟರ್ ಬರೆದ ಪೀಟರ್ ಮೊಲದ ಕಥೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಆ ಪುಸ್ತಕದ ಹುಟ್ಟಿನ ಕಥೆ ಗೊತ್ತಿದ್ದರೆ ಯಾವ ಪ್ರತಿ ಯಾವ ಕಾಲದ್ದೆಂದು ಪುಸ್ತಕವೇ ಹೇಳುತ್ತದೆ.

ಪಾಟರ್‌ಗೆ ಹಿಂದೆ ಪಾಠ ಹೇಳಿದ್ದ ಆನಿ ಮೂರ್ ಅವರ ಐದು ವರ್ಷದ ಮಗ ನೋಯೆಲ್ ಕಾಯಿಲೆ ಬಿದ್ದಿದ್ದ. 1893ರ ಸೆಪ್ಟೆಂಬರ್ 4ರಂದು ಸ್ಕಾಟ್ಲೆಂಡಿನಿಂದ ಪಾಟರ್ ಅವನಿಗೊಂದು ಚಿತ್ರಪತ್ರ ಬರೆದರು. ಮೊಲದ ಕಥೆ ಅದರಲ್ಲಿತ್ತು. ಕೆಲವು ವರ್ಷಗಳ ಮೇಲೆ ಆ ಪತ್ರವನ್ನು ಎರವಲು ಪಡೆದು ಕಥೆ ಬೆಳೆಸಿ ಪ್ರಕಾಶಕರಿಗೆ ಕಳಿಸಿದಾಗ ಒಬ್ಬರೂ ಒಪ್ಪಲಿಲ್ಲ. ಪುಟ್ಟ ಕೈಗಳಿಗೆ ಹಿಡಿಸುವಂಥ ಚಿಕ್ಕ, ಅಗ್ಗದ ಪುಸ್ತಕವೇ ಬೇಕೆಂದು ಪಟ್ಟುಹಿಡಿದ ಪಾಟರ್, 1901ರ ಡಿಸೆಂಬರ್‌ನಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. ಒಳಗೆಲ್ಲ ಕಪ್ಪುಬಿಳುಪು ರೇಖಾಚಿತ್ರಗಳು. ಮೊದಲಿನ ಒಂದು ಚಿತ್ರಕ್ಕೆ ಮಾತ್ರ ಬಣ್ಣ. ಅವು ಬೇಗ ಮುಗಿದು, 1902ರ ಫೆಬ್ರವರಿಯಲ್ಲಿ ಇನ್ನೂ 200 ಬಂದವು. ಮೊದಲ ಸಲದ್ದರ ಬೆನ್ನು ಚಪ್ಪಟೆ, ಎರಡನೆಯದರದ್ದು ದುಂಡು. ಕಪಾಟಿನಲ್ಲಿ ನಿಂತ ಪ್ರತಿಯನ್ನು ತೆರೆಯದೆಯೇ ಈ ಗುರುತು ಹಿಡಿಯಬಹುದು. ಇವು ಇಂದು ಹತ್ತಾರು ಸಾವಿರ ಪೌಂಡಿಗೆ ಹರಾಜಾಗುತ್ತವೆ.

ಅದೇ ವರ್ಷದ ಅಕ್ಟೋಬರ್‌ನಲ್ಲಿ ಫ್ರೆಡೆರಿಕ್ ವಾರ್ನ್ ಸಂಸ್ಥೆ ಬಣ್ಣದ ಚಿತ್ರಗಳೊಂದಿಗೆ ತಂದ ಆವೃತ್ತಿಯಿಂದಲೇ ಮೊಲ ಮನೆಮಾತಾಯಿತು. ಮೊದಲು ಅಚ್ಚಾದದ್ದು 8,000. ವರ್ಷ ಮುಗಿಯುವಷ್ಟರಲ್ಲಿ 28,000. ಹೀಗಾಗಿ 1902ರ ಪ್ರತಿ ಎಂದ ಮಾತ್ರಕ್ಕೆ ಅದು ಮೊದಲ ಮುದ್ರಣವಾಗದು. 1903ರಲ್ಲಿ ರಟ್ಟಿನ ಒಳಮೈಗೆ ಬಣ್ಣದ ಚಿತ್ರಹಾಳೆ ಹಾಕಲು ಜಾಗ ಬೇಕಾಯಿತು. ಕಥೆಯೊಳಗಿನ ನಾಲ್ಕು ಚಿತ್ರ ಕೈಬಿಟ್ಟರು. ಪೀಟರನ ಅಪ್ಪನನ್ನು ಬೇಯಿಸಿ ಮಾಡಿದ ಪೈ ಬಡಿಸುತ್ತಿರುವ, ಕಥೆಯ ತೋಟಗಾರನ ಹೆಂಡತಿ ಮಿಸೆಸ್ ಮೆಕ್‌ಗ್ರೆಗರ್ ಚಿತ್ರ ಆ ನಾಲ್ಕರಲ್ಲೊಂದು. ಹಳೆಯ ಪ್ರತಿಯಲ್ಲಿ ಆಕೆ ಇದ್ದಾಳೆಂದರೆ ಸಂಗ್ರಾಹಕರ ಮುಖ ಅರಳುತ್ತದೆ.

ಅಮೆರಿಕದಲ್ಲಿ ವಾರ್ನ್ ಸಂಸ್ಥೆ ಹಕ್ಕು ನೋಂದಾಯಿಸಲಿಲ್ಲ. ಬಹುಬೇಗ ಅಲ್ಲಿ ಕದ್ದಚ್ಚುಗಳು ಬಂದವು. ಹಳೆಯದಾಗಿ ಕಾಣುವ ಅಮೆರಿಕನ್ ಪ್ರತಿಗೆ ದೊಡ್ಡ ಬೆಲೆ ಕೊಡುವ ಮುನ್ನ ಪ್ರಕಾಶಕರ ಹೆಸರು ನೋಡಿ. ಮೊದಲ ಖಾಸಗಿ ಆವೃತ್ತಿಯನ್ನೇ ಹೋಲುವ ಮರುಮುದ್ರಣಗಳೂ ಇವೆ. ತೀರಾ ಬೆಳ್ಳಗಿನ, ನಯವಾದ ಕಾಗದ ಕಂಡರೆ ಅನುಮಾನಿಸಿ.

ಹೊಸ ಸಂಗ್ರಾಹಕರು ಮೊದಲ ಮುದ್ರಣದ ಹಿಂದೆ ಓಡಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಒಳ್ಳೆಯ ಹಳೆಯ ಮರುಮುದ್ರಣ ಸಾಕು. ಎಲ್ಲ ಚಿತ್ರಗಳಿವೆಯೇ, ಹೊಲಿಗೆ ಬಿಗಿಯಾಗಿದೆಯೇ ಎಂದು ಪುಟ ಪುಟ ತಿರುವಿ ನೋಡಿ. ಮಕ್ಕಳು ಓದಿ ಓದಿ ಹರಿದದ್ದರಿಂದಲೇ ಶುಭ್ರ ಪ್ರತಿಗಳು ಅಪರೂಪವಾದವು.

ಸಂಗ್ರಾಹಕರಿಗೆ ಒಬ್ಬ ಮಾದರಿಯೂ ಇದ್ದಾರೆ. ಲೆಸ್ಲಿ ಲಿಂಡರ್ ಎಂಬ ಎಂಜಿನಿಯರ್ ಪಾಟರ್ ಗುಪ್ತಲಿಪಿಯಲ್ಲಿ ಬರೆದಿದ್ದ ದಿನಚರಿಯನ್ನು 1958ರಲ್ಲಿ ಬಿಡಿಸಿ ಓದಿದವರು. ಪಾಟರ್‌ಗೆ ಸೇರಿದ ಚಿತ್ರ, ಹಸ್ತಪ್ರತಿ, ಪುಸ್ತಕಗಳನ್ನು ಶ್ರದ್ಧೆಯಿಂದ ಕೂಡಿಹಾಕಿದ ಅವರು, ಅದನ್ನೆಲ್ಲ 1973ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ಬಿಟ್ಟುಹೋದರು.

ನಿಮಗೆ ಸಿಕ್ಕ ಪ್ರತಿಯಲ್ಲಿ ಯಾವುದೋ ಮಗು ಪೆನ್ಸಿಲ್ಲಿನಲ್ಲಿ ತನ್ನ ಹೆಸರು ಬರೆದಿದ್ದರೆ ದಯವಿಟ್ಟು ಅಳಿಸಬೇಡಿ.