ರಾಯಚೂರು ಸೀಮೆಯಲ್ಲಿ ಒಂದು ದಿನ: ಅಜ್ಜಂದಿರನ್ನೂ ಮೊಮ್ಮಕ್ಕಳನ್ನೂ ಜೊತೆಗೆ ಕರೆದೊಯ್ಯುವ ಬಗೆ

ಕೊಳೆರೋಗಕ್ಕೆ ಕೊನೆಯ ಸಲದ ಮದ್ದು ಹೊಡೆದು ಮುಗಿದು, ಕೊನೆ ಕೊಯ್ಲಿಗೆ ಇನ್ನೂ ಕೆಲವು ವಾರಗಳಿರುವ ಹೊತ್ತಿಗೆ ನಮ್ಮ ಬೆಳೆಗಾರರ ಮನೆಗಳಲ್ಲಿ ಪ್ರವಾಸದ ಮಾತು ಏಳುವುದು ವಾಡಿಕೆ. ಮಕ್ಕಳಿಗೆ ದಸರಾ ರಜೆ. ಹಿರಿಯರಿಗೆ ಮಂತ್ರಾಲಯದ ಹರಕೆ. ಮಕ್ಕಳಿಗಾದರೋ ಶಾಲೆಯ ಗೆಳೆಯರು ಹೋಗಿ ಬಂದ ನೀರಾಟದ ಉದ್ಯಾನವೇ ಆಗಬೇಕು. ಎರಡು ದಿನ ಜಗಲಿಯ ಮೇಲೆ ಚರ್ಚೆ ನಡೆದು ಕೊನೆಗೆ ಆಗುವ ತೀರ್ಮಾನ ಹೆಚ್ಚಿನ ಮನೆಗಳಲ್ಲಿ ಒಂದೇ. ಅಜ್ಜ ಅಜ್ಜಿ ಮನೆ ನೋಡಿಕೊಳ್ಳಲಿ, ಉಳಿದವರು ಹೊರಡೋಣ. ಕೊಟ್ಟಿಗೆಯ ದನಕ್ಕೆ ಹುಲ್ಲು ಹಾಕಲು, ನಾಯಿಗೆ ಅನ್ನವಿಡಲು ಯಾರಾದರೂ ಬೇಕಲ್ಲ!

ಈ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಎಪ್ಪತ್ತೈದು ದಾಟಿದವರಿಗೆ ಮುಂದಿನ ವರ್ಷ ಎಂಬ ಮಾತು ಹೇಳಿದಷ್ಟು ಸುಲಭವಲ್ಲ. ಮಂಡಿ ಇನ್ನೊಂದಿಷ್ಟು ಸವೆದಿರುತ್ತದೆ, ಕಣ್ಣಿನ ಪೊರೆ ಬಲಿತಿರುತ್ತದೆ. ಆದ್ದರಿಂದ ಮೂರು ತಲೆಮಾರೂ ಒಟ್ಟಿಗೆ ಹೋಗಿ, ಯಾರೂ ಬಳಲದೆ ಹಿಂತಿರುಗುವ ಏರ್ಪಾಡು ಹೇಗಿರಬೇಕೆಂಬುದನ್ನು ರಾಯಚೂರು ಸೀಮೆಯನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇವೆ. ನಮ್ಮ ಸದಸ್ಯರಲ್ಲಿ ಅನೇಕರು ಮಂತ್ರಾಲಯದ ನೆಪದಲ್ಲಿ ಹೇಗೂ ಆ ಕಡೆ ಹೋಗುವವರೇ.

ಮೊದಲು ಮಕ್ಕಳ ಬೇಡಿಕೆಯನ್ನು ನೋಡೋಣ. ರಾಯಚೂರಿನಿಂದ ಹೊರಟರೆ ಹೆಸರಾದ ದೊಡ್ಡ ಉದ್ಯಾನವೆಂದರೆ ಹೈದರಾಬಾದಿನ ಹೊರವಲಯದ ರಾವಿರ್ಯಾಲದಲ್ಲಿರುವ ವಂಡರ್‌ಲಾ. ಬಿಡದಿಯಲ್ಲಿ ೨೦೦೫ರಲ್ಲಿ ಉದ್ಯಾನ ತೆರೆದವರೇ ೨೦೧೬ರಲ್ಲಿ ಇದನ್ನೂ ತೆರೆದರು. ದಾರಿ ಸುಮಾರು ೨೦೦ ಕಿ.ಮೀ. ಹೋಗಿ ಬರುವುದಕ್ಕೇ ಎಂಟು ಗಂಟೆ ಹಿಡಿದರೆ ಅಲ್ಲಿ ಕಳೆಯಲು ಉಳಿಯುವುದೆಷ್ಟು? ವಯಸ್ಸಾದವರಿದ್ದರೆ ಒಂದೇ ದಿನದಲ್ಲಿ ಹೋಗಿ ಬರುವ ಸಾಹಸ ಖಂಡಿತ ಬೇಡ. ಹೋಗಲೇಬೇಕೆಂದಿದ್ದರೆ ಹಿಂದಿನ ರಾತ್ರಿ ಹೈದರಾಬಾದಿನಲ್ಲಿ ತಂಗಿ, ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಬೇಕು.

ಇಂತಹ ಉದ್ಯಾನಗಳ ಕೆಲವು ಕಟ್ಟಳೆಗಳನ್ನು ಮನೆಯಲ್ಲೇ ತಿಳಿದು ಹೊರಡುವುದು ಒಳ್ಳೆಯದು. ಸಾಮಾನ್ಯವಾಗಿ ಮಕ್ಕಳ ಟಿಕೆಟ್ಟು ವಯಸ್ಸಿನಿಂದಲ್ಲ, ಎತ್ತರದಿಂದ ನಿರ್ಧಾರವಾಗುತ್ತದೆ. ದೊಡ್ಡ ಆಟಗಳಿಗೆ ಇಷ್ಟು ಎತ್ತರವಿರಬೇಕೆಂಬ ಗೆರೆಯಿರುತ್ತದೆ. ಅಣ್ಣ ಒಳಗೆ ಹೋಗಿ ತಮ್ಮ ಹೊರಗುಳಿದರೆ ಅಳು ಗ್ಯಾರಂಟಿ, ಆದ್ದರಿಂದ ಮನೆಯ ಕಂಬದ ಮೇಲೆ ಮೊದಲೇ ಅಳೆದು, ಯಾವುದು ಸಿಗುತ್ತದೆ ಯಾವುದು ಸಿಗುವುದಿಲ್ಲವೆಂದು ಮಕ್ಕಳಿಗೆ ಹೇಳಿಬಿಡಬೇಕು. ನೀರಿಗಿಳಿಯಲು ನೈಲಾನಿನ ಬಟ್ಟೆಯೇ ಆಗಬೇಕು. ಹತ್ತಿಯ ಪಂಚೆ, ಸೀರೆ ನಡೆಯುವುದಿಲ್ಲ. ಹೃದಯದ ತೊಂದರೆ, ರಕ್ತದೊತ್ತಡ, ಬೆನ್ನುನೋವು ಇದ್ದವರು ಹೆಚ್ಚಿನ ಆಟಗಳನ್ನು ಹತ್ತುವಂತಿಲ್ಲ. ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲ.

ಈ ಕೊನೆಯದೇ ಹಿರಿಯರಿಗೆ ತೊಡಕು. ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಉದ್ಯಾನದ ಬಾಗಿಲಲ್ಲಿ ನಮ್ಮ ಮನೆಯ ಹಿರಿಯರೊಬ್ಬರ ಬುತ್ತಿಯನ್ನು ತೆಗೆದಿರಿಸಿಕೊಂಡರು. ಅವರು ಸಕ್ಕರೆ ಕಾಯಿಲೆಯವರು, ಊಟದ ಹೊತ್ತು ತಪ್ಪುವಂತಿಲ್ಲ. ಅರ್ಧ ಗಂಟೆಯ ವಾದದ ಮೇಲೆ ಎರಡು ಇಡ್ಲಿ ಮಾತ್ರ ಒಳಗೆ ಬಂದವು. ವೈದ್ಯರ ಚೀಟಿಯ ಒಂದು ಪ್ರತಿ ಕಿಸೆಯಲ್ಲಿದ್ದರೆ ಇಂತಹ ಕಡೆ ಮಾತು ಕಡಿಮೆಯಾದೀತು. ಅಲ್ಲದೆ, ಮಕ್ಕಳು ಆಟದಿಂದ ಆಟಕ್ಕೆ ಓಡುತ್ತಿರುವಾಗ ಅಜ್ಜನಾದವನು ದಿನವಿಡೀ ಮಾಡುವುದೇನು? ಎಲ್ಲರ ಚೀಲ, ಚಪ್ಪಲಿ, ಒದ್ದೆ ಬಟ್ಟೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂರುವುದು. ಮನೆ ಕಾಯುವುದಕ್ಕೂ ಇದಕ್ಕೂ ವ್ಯತ್ಯಾಸ ಬಹಳವಿಲ್ಲ. ಟಿಕೆಟ್ಟಿನ ಹಣವೊಂದು ಹೆಚ್ಚು.

ಹಾಗಾಗಿ ಮೂರೂ ತಲೆಮಾರು ಒಟ್ಟಿಗಿರುವ ದಿನಕ್ಕೆ ರಾಯಚೂರು ನಗರದ ಕೋಟೆಯೇ ಉತ್ತಮವೆಂದು ನಮ್ಮ ಅಭಿಪ್ರಾಯ. ಕೋಟೆ ಊರೊಳಗೇ ಇದೆ. ಬೆಟ್ಟದ ನೆತ್ತಿಯವರೆಗೆ ಹತ್ತಬೇಕಾದ ಹಂಗಿಲ್ಲ. ಕೆಳಗಿನ ಗೋಡೆ, ಬಾಗಿಲುಗಳನ್ನು ನೋಡಿದರೆ ಸಾಕು. ಕಾಕತೀಯರ ರಾಣಿ ರುದ್ರಮದೇವಿಯ ಸೇನಾನಿ ಗೋರೆ ಗಂಗಯ್ಯ ರೆಡ್ಡಿ ೧೨೯೪ರಲ್ಲಿ ಕಟ್ಟಿಸಿದ ಕೋಟೆ ಇದು. ಪಶ್ಚಿಮದ ಗೋಡೆಯಲ್ಲಿ ೪೧ ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲು ಕೂತಿದೆ, ಅದರ ಮೇಲೆ ಈ ಸಂಗತಿಯ ತೆಲುಗು ಶಾಸನವಿದೆ. ಅಷ್ಟೇ ಆಗಿದ್ದರೆ ಮಕ್ಕಳು ಎರಡು ನಿಮಿಷ ನಿಲ್ಲುತ್ತಿರಲಿಲ್ಲ. ಆದರೆ ಆ ಕಲ್ಲನ್ನು ತಂದ ಬಗೆಯನ್ನೂ ಅಲ್ಲೇ ಬಿಡಿಸಿದ್ದಾರೆ. ಗಾಲಿಯ ಬಂಡಿಯ ಮೇಲೆ ಕಲ್ಲು. ಮುಂದೆ ಕೋಣಗಳ ಉದ್ದನೆಯ ಸಾಲು. ಹೊಡೆದು ಹುರಿದುಂಬಿಸುವ ಆಳುಗಳು. ಗಾಲಿಗೆ ಸನ್ನೆಗೋಲು ಕೊಟ್ಟು ಮೀಟುವವರು.

ಇಲ್ಲಿ ಅಜ್ಜನನ್ನು ಮುಂದೆ ಬಿಡಬೇಕು. ಗಾಡಿಯಲ್ಲಿ ಅಡಿಕೆ ಮೂಟೆ ಹೇರಿಕೊಂಡು ಘಟ್ಟದ ದಾರಿಯಲ್ಲಿ ಮಂಡಿಗೆ ಹೋದವರು ನಮ್ಮಲ್ಲಿ ಇನ್ನೂ ಇದ್ದಾರೆ. ನೊಗ ಎಲ್ಲಿ ಕೂರುತ್ತದೆ, ಏರಿನಲ್ಲಿ ಗಾಲಿ ಜಾರದಂತೆ ಕಲ್ಲು ಕೊಡುವುದು ಹೇಗೆ, ಜೋಡಿಯಲ್ಲಿ ಒಂದು ಸೋಮಾರಿಯಾದರೆ ಏನು ಮಾಡಬೇಕು, ಇದನ್ನೆಲ್ಲ ಹೇಳಬಲ್ಲವರು ಅವರೇ. ಡ್ರೈವಿಂಗ್ ಲೈಸೆನ್ಸಿರುವ ನಮ್ಮ ಮಕ್ಕಳಿಗೆ ಇದು ತಿಳಿಯದು. ನಾವು ಕಂಡಂತೆ ಮಕ್ಕಳು ಈ ಒಂದು ಕಲ್ಲಿನ ಮುಂದೆ ಮುಕ್ಕಾಲು ಗಂಟೆ ನಿಂತದ್ದುಂಟು.

ಇನ್ನೊಂದು ಕಥೆ ೧೫೨೦ರದ್ದು. ವಿಜಯನಗರದ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಈ ಕೋಟೆಯನ್ನು ವಶಪಡಿಸಿಕೊಂಡ ವರ್ಷ. ಮುತ್ತಿಗೆಯಲ್ಲಿ ಅವನ ಕಡೆ ಪೋರ್ಚುಗೀಸ್ ಕೋವಿಗಾರರಿದ್ದರು. ಗೋಡೆಯ ಮೇಲೆ ತಲೆ ತೋರಿಸಿದವರಿಗೆ ಗುರಿಯಿಟ್ಟು ಹೊಡೆದರೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ದಾಖಲಿಸಿದ್ದಾನೆ. ಮನೆಯಲ್ಲಿ ಕೋವಿ ಕಂಡ ಮಲೆನಾಡಿನ ಹುಡುಗರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಹತ್ತಿರದಲ್ಲೇ ಬಹಮನಿಯರ ಕಾಲದ, ೧೫೧೩ರ ಏಕ್ ಮಿನಾರ್ ಮಸೀದಿ ಇದೆ. ಒಂದೇ ಮಿನಾರು, ೬೫ ಅಡಿ. ನೆರಳಿದ್ದ ಕಡೆ ನಿಂತು ನೋಡಿ ಮುಂದೆ ನಡೆಯಬಹುದು.

ಇದೆಲ್ಲ ಬೆಳಿಗ್ಗೆ ಆರೂವರೆಗೆ ಹೊರಟು ಒಂಬತ್ತೂವರೆಗೆ ಮುಗಿಯಬೇಕು. ರಾಯಚೂರಿನ ಬಿಸಿಲು ನಮ್ಮ ಅಡಿಕೆ ತೋಟದ ನೆರಳಿನಲ್ಲಿ ಬೆಳೆದವರಿಗೆ ಒಗ್ಗುವಂಥದ್ದಲ್ಲ. ಏಪ್ರಿಲ್-ಮೇಯಲ್ಲಿ ೪೦ ಡಿಗ್ರಿ ದಾಟುವುದು ಅಲ್ಲಿ ವಿಶೇಷವೇನಲ್ಲ. ಆ ದಿನಗಳಲ್ಲಿ ಹೂಮಳೆ, ಕಾಫಿಗೆ ನೀರು ಎಂದು ನಮಗೂ ಪುರುಸೊತ್ತಿರುವುದಿಲ್ಲ. ಇದೊಂದು ದೃಷ್ಟಿಯಿಂದ ಒಳ್ಳೆಯದೇ. ದಸರಾ ರಜೆಯಲ್ಲೂ ಮಧ್ಯಾಹ್ನದ ಬಿಸಿಲು ಚುರುಕೇ. ಹನ್ನೊಂದರಿಂದ ಮೂರೂವರೆಯವರೆಗೆ ವಸತಿಯಲ್ಲಿ ಊಟ, ನಿದ್ದೆ. ಹಣ ಕೊಟ್ಟು ಬಂದು ಮಲಗುವುದೇ ಎಂದು ಕೆಲವರು ಗೊಣಗುತ್ತಾರೆ. ಗೊಣಗಲಿ. ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಕೇಳುವವರೆಗೆ ಕಾಯದೆ ಅರ್ಧ ಗಂಟೆಗೊಮ್ಮೆ ನೀರನ್ನೋ ಉಪ್ಪು ಹಾಕಿದ ಮಜ್ಜಿಗೆಯನ್ನೋ ಕೊಡುತ್ತಿರಬೇಕು. ಶೌಚಕ್ಕೆ ಹೋಗಬೇಕಾದೀತೆಂದು ನೀರು ಕುಡಿಯದೆ ಕೂರುವ ಅಜ್ಜಿಯರನ್ನು ನಾವೆಲ್ಲ ಬಲ್ಲೆವು. ವಾಹನ ನಿಂತ ಕೂಡಲೇ ಮೊದಲು ವಿಚಾರಿಸಬೇಕಾದ್ದು ಶೌಚಾಲಯವನ್ನು, ಆಮೇಲೆ ದೇವರನ್ನು. ಮಾತ್ರೆಗಳನ್ನು ವಾಹನದಲ್ಲಿ ಬಿಡಬಾರದು. ಮುಚ್ಚಿದ ಕಾರಿನೊಳಗಿನ ಕಾವಿಗೆ ಇನ್ಸುಲಿನ್ ಕೆಡುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ನಗರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ರಿಮ್ಸ್ ಇದೆ.

ಸಂಜೆಗೆ ದೇವದುರ್ಗದ ದಾರಿಯ ಗಬ್ಬೂರು. ನಗರದಿಂದ ಸುಮಾರು ೩೦ ಕಿ.ಮೀ. ಹಳೆಯ ದೇವಾಲಯಗಳೂ ಶಾಸನಗಳೂ ತುಂಬಿದ ಊರು. ಮಳೆ ಶಂಕರ ದೇವಾಲಯ ಅವುಗಳಲ್ಲಿ ಹೆಸರಾದದ್ದು. ಬೂದಿಬಸವೇಶ್ವರ ಮಠವೂ ಇಲ್ಲೇ ಇದೆ. ಕಲ್ಲುಹಾಸು ಇಳಿಹೊತ್ತಿನವರೆಗೂ ಕಾದಿರುತ್ತದೆ. ಬರಿಗಾಲಿನಲ್ಲಿ ನಡೆಯಬೇಕಾದ ಹಿರಿಯರಿಗೂ ಎಳೆಯರಿಗೂ ದಪ್ಪ ಕಾಲುಚೀಲ ಒಯ್ಯಿರಿ. ಸಕ್ಕರೆ ಕಾಯಿಲೆಯವರಿಗೆ ಕಾಲು ಸುಟ್ಟದ್ದು ಗೊತ್ತಾಗದೆ ಹುಣ್ಣಾಗುವುದುಂಟು. ದೇವದುರ್ಗ ಪಟ್ಟಣದವರೆಗೂ ಹೋಗುವ ಆಸೆಯನ್ನು ಈ ಸಲ ಬಿಡಬೇಕು. ಕತ್ತಲೆಗೆ ಮುಂಚೆ ಹಿಂತಿರುಗುವುದು ಲೇಸು.

ಮಾನ್ವಿಯನ್ನು ಈ ದಿನಕ್ಕೆ ತುರುಕುವುದು ಬೇಡ. ಶಿವಮೊಗ್ಗದ ಕಡೆಯಿಂದ ಗಂಗಾವತಿ, ಸಿಂಧನೂರು ಮಾರ್ಗವಾಗಿ ಬರುವವರಿಗೆ ಅದು ಹೇಗೂ ದಾರಿಯಲ್ಲೇ ಸಿಗುತ್ತದೆ. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರು ನೆಲೆಸಿದ್ದ ಊರು. ವಿಜಯದಾಸರ ಚೀಕಲಪರ್ವಿ ಅದೇ ತಾಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿದೆ. ದಾಸರ ಪದ ಹಾಡುವ ಅಜ್ಜಿಯರಿರುವ ಮನೆಯವರು ಬರುವ ದಿನ ಇಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಬೇಕು. ಹೊರಗೆ ಮಕ್ಕಳಿಗೆ ನೋಡಲು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಭತ್ತದ ಬಯಲಿದೆ, ಕಣ್ಣಿಗೆ ಎಟುಕುವಷ್ಟೂ. ಅರ್ಧ ಎಕರೆ ಗದ್ದೆಯನ್ನು ತೋಟ ಮಾಡಿದ ನಮ್ಮಂಥವರಿಗೂ ನೋಡುವಂಥದ್ದೇ.

ಮಂತ್ರಾಲಯ ಮರುದಿನ, ಬೆಳಗಿನ ಹೊತ್ತು. ನದಿಯ ಸ್ನಾನದ ವಿಷಯದಲ್ಲಿ ಮಾತ್ರ ಹಠ ಬೇಡ. ಮಳೆಗಾಲ ಕಳೆದ ತುಂಗಭದ್ರೆಯಲ್ಲಿ ಸೆಳವಿರುತ್ತದೆ. ಮಕ್ಕಳನ್ನು ಇಳಿಸದೆ, ಹಿರಿಯರಿಗೆ ಮೆಟ್ಟಿಲ ಮೇಲೆ ಚೊಂಬಿನಲ್ಲಿ ನೀರು ಹಾಕಿದರಾಯಿತು.

ಊಟದ ಬಗ್ಗೆ ಒಂದು ಮಾತು. ಅಲ್ಲಿನ ಜೋಳದ ರೊಟ್ಟಿ, ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ನಾವು ಮೆಚ್ಚಿ ತಿನ್ನುವಂಥವು. ಖಾರ ಮಾತ್ರ ನಮ್ಮ ಮಕ್ಕಳಿಗೆ ಹೆಚ್ಚು; ಮೊಸರನ್ನ ಕೇಳಿದರೆ ಕೊಡುತ್ತಾರೆ.

ಇನ್ನು ಮನೆ ಕಾಯುವವರ ಪ್ರಶ್ನೆ. ನೆರೆಯ ಎರಡು ಮನೆಯವರು ಬೇರೆ ಬೇರೆ ವಾರಗಳಲ್ಲಿ ಹೊರಟು, ಒಬ್ಬರ ಕೊಟ್ಟಿಗೆಯನ್ನು ಇನ್ನೊಬ್ಬರು ನೋಡಿಕೊಂಡರೆ ಅಜ್ಜ ಅಜ್ಜಿ ಉಳಿಯಬೇಕಾಗಿಲ್ಲ. ಕೊಯ್ಲಿನ ಆಳುಗಳನ್ನೇ ಹೀಗೆ ಮುಯ್ಯಿಗೆ ಹೊಂದಿಸಿಕೊಳ್ಳುವ ನಮಗೆ ಇದು ಹೊಸದೇನಲ್ಲ. ಜೊತೆಗೂಡಿ ಒಂದು ಮಿನಿಬಸ್ಸು ಮಾಡುವ ಇಚ್ಛೆಯುಳ್ಳ ಸದಸ್ಯರು ಸಂಘದ ಕಛೇರಿಯಲ್ಲಿ ಹೆಸರು ಬರೆಸಬಹುದು. ಬರೆಸುವಾಗ ಪ್ರತಿಯೊಬ್ಬರ ವಯಸ್ಸು, ತೆಗೆದುಕೊಳ್ಳುವ ಮಾತ್ರೆ, ಎಷ್ಟು ಮೆಟ್ಟಿಲು ಹತ್ತಬಲ್ಲರೆಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು. ಇಬ್ಬರು ಹಿರಿಯರಿಗೆ ಒಬ್ಬ ಗಟ್ಟಿಮುಟ್ಟಾದ ಯುವಕ, ಮೂರು ಮಕ್ಕಳಿಗೆ ಒಬ್ಬ ದೊಡ್ಡವರು ಎಂಬ ಲೆಕ್ಕದಲ್ಲಿ ಆಸನ ಹಂಚಲಾಗುವುದು. ಬಾಗಿಲ ಹತ್ತಿರದ ಆಸನಗಳು ಹಿರಿಯರಿಗೆ.