ಹಿಜಾಬ್ ಮೇಲೆ ಹೆಲ್ಮೆಟ್: ಗುಡ್‌ವುಡ್ ಗೆದ್ದ ಖದೀಜಾ

ಕುದುರೆ ರೇಸ್ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ನೆನಪಾಗೋದು ಜೂಜು. ದುಡ್ಡು ಕಟ್ಟಿ ಮನೆ ಮಾರಿಕೊಂಡವರ ಕಥೆಗಳನ್ನು ಕೇಳಿಯೇ ನಾವೆಲ್ಲ ಬೆಳೆದವರು. ಹಾಗಾಗಿ ಒಬ್ಬ ಮುಸ್ಲಿಂ ಹುಡುಗಿ ಹಿಜಾಬ್ ಧರಿಸಿ ರೇಸ್ ಗೆದ್ದಳು ಅಂದರೆ ಹುಬ್ಬೇರಿಸುವವರೇ ಹೆಚ್ಚು. ಆದರೆ ಖದೀಜಾ ಮೆಲ್ಲಾ ಎಂಬ ಹೆಣ್ಣುಮಗಳ ವಿಷಯವನ್ನು ಪೂರ್ತಿ ತಿಳಿದರೆ ಹುಬ್ಬು ಇಳಿದು, ನಮ್ಮ ಬಗ್ಗೆಯೇ ಕೆಲವು ಪ್ರಶ್ನೆಗಳು ಏಳುತ್ತವೆ.

2019ರ ಆಗಸ್ಟ್ 1. ಇಂಗ್ಲೆಂಡಿನ ಗುಡ್‌ವುಡ್ ಮೈದಾನದಲ್ಲಿ ಮಹಿಳೆಯರಿಗಾಗಿ ನಡೆಯುವ ಮ್ಯಾಗ್ನೋಲಿಯಾ ಕಪ್. ಇದು ವೃತ್ತಿಪರರ ಪಂದ್ಯವಲ್ಲ. ಸಮಾಜಸೇವೆಗೆ ನಿಧಿ ಸಂಗ್ರಹಿಸಲು ಹವ್ಯಾಸಿ ಸವಾರರು ಓಡಿಸುವ, ಸುಮಾರು 1,100 ಮೀಟರ್‌ನ ಓಟ. ಅಂದು ಕಣದಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಸೈಕಲ್ ಪಟು ವಿಕ್ಟೋರಿಯಾ ಪೆಂಡಲ್ಟನ್ ಕೂಡ ಇದ್ದರು. ಖದೀಜಾಗೆ ಆಗ 18 ವರ್ಷ. ಅವಳ ಕುದುರೆ ಹಾವರ್‌ಲ್ಯಾಂಡ್‌ನ ದರ 25ಕ್ಕೆ 1, ಅಂದರೆ ಗೆಲ್ಲುತ್ತದೆ ಅಂತ ಲೆಕ್ಕಕ್ಕೇ ಹಿಡಿಯದ ಕುದುರೆ. ಆದರೆ ಗುರಿ ಮುಟ್ಟುವಾಗ ಮುಂದಿದ್ದದ್ದು ಅದೇ. ಬ್ರಿಟನ್ನಿನ ಸ್ಪರ್ಧಾತ್ಮಕ ರೇಸಿನಲ್ಲಿ ಹಿಜಾಬ್ ಧರಿಸಿ ಓಡಿದ ಮೊದಲ ಸವಾರಿಣಿ ಅವಳು. ಓಡಿದ್ದಷ್ಟೇ ಅಲ್ಲ, ಗೆದ್ದೂ ಬಿಟ್ಟಳು.

ಇದರಲ್ಲಿ ಅಚ್ಚರಿ ಏನು ಗೊತ್ತಾ? ಆಕೆ ರೇಸ್ ಕುದುರೆ ಮೇಲೆ ಮೊದಲ ಬಾರಿ ಕುಳಿತದ್ದೇ ಅದೇ ವರ್ಷದ ಏಪ್ರಿಲ್‌ನಲ್ಲಿ. ಸಾಮಾನ್ಯ ಕುದುರೆ ಸವಾರಿಗೂ ರೇಸ್ ಸವಾರಿಗೂ ಅಜಗಜಾಂತರ. ರೇಸಿನಲ್ಲಿ ಜೀನಿನ ಮೇಲೆ ಕೂರೋ ಹಾಗಿಲ್ಲ. ಗಿಡ್ಡ ರಿಕಾಪಿನಲ್ಲಿ ಕಾಲಿಟ್ಟು, ಮಂಡಿ ಮಡಚಿ, ಬೆನ್ನು ಬಾಗಿಸಿ, ತೊಡೆಯ ಬಲದಲ್ಲೇ ಮೈ ತೂಗಿಸಬೇಕು. ಕೆಳಗಿನ ಪ್ರಾಣಿ ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಏಪ್ರಿಲ್‌ನಿಂದ ಆಗಸ್ಟ್‌ಗೆ ಉಳಿದದ್ದು ನಾಲ್ಕೇ ತಿಂಗಳು. ಆ ಮಧ್ಯೆ ಎ-ಲೆವೆಲ್ ಪರೀಕ್ಷೆ, ಮೇ ತಿಂಗಳಿನಲ್ಲಿ ರಮಳಾನ್. ಇಂಗ್ಲೆಂಡಿನ ಮೇ ತಿಂಗಳ ನೋಂಬು ನಮ್ಮ ಊರಿನ ಹಾಗೆ ಹದಿಮೂರು-ಹದಿನಾಲ್ಕು ಗಂಟೆಗೆ ಮುಗಿಯೋದಿಲ್ಲ, ಹದಿನೇಳು ದಾಟುತ್ತದೆ. ತರಬೇತಿ ನಡೆದದ್ದು ರೇಸ್ ಕುದುರೆಗಳ ತವರೂರು ನ್ಯೂಮಾರ್ಕೆಟ್‌ನಲ್ಲಿ.

ಇಷ್ಟಕ್ಕೂ ಅವಳು ಸಿರಿವಂತರ ಮನೆಯವಳಲ್ಲ. ಬೆಳೆದದ್ದು ದಕ್ಷಿಣ ಲಂಡನ್ನಿನ ಪೆಕ್‌ಹ್ಯಾಮ್‌ನಲ್ಲಿ. ಪಕ್ಕದ ಬ್ರಿಕ್ಸ್‌ಟನ್‌ನಲ್ಲಿ ಎಬನಿ ಹಾರ್ಸ್ ಕ್ಲಬ್ ಅಂತ ಒಂದು ಸಂಸ್ಥೆ ಇದೆ. ಬಡತನದ ಪ್ರದೇಶಗಳ ಮಕ್ಕಳಿಗೆ ಕುದುರೆ ಸವಾರಿ ಕಲಿಸಲು 1996ರಲ್ಲಿ ಶುರುವಾದದ್ದು. ಈ ಕ್ಲಬ್ಬಿನ ಕರಪತ್ರ ಖದೀಜಾಳ ಉಮ್ಮನಿಗೆ ಸಿಕ್ಕಿದ್ದು ಎಲ್ಲಿ? ಮಸೀದಿಯಲ್ಲಿ! ಆ ತಾಯಿ ಅದನ್ನು ಮಡಚಿ ಎಸೆಯಲಿಲ್ಲ, ಮಗಳ ಕೈಹಿಡಿದು ಕರೆದುಕೊಂಡು ಹೋದರು.

ಈಗ ಜೂಜಿನ ಮಾತು. ಬಾಜಿ ಕಟ್ಟೋದು ಹರಾಮ್. ಅದರಲ್ಲಿ ಎರಡು ಮಾತಿಲ್ಲ. ಆದರೆ ಕುದುರೆ ಓಡಿಸೋದು ಬೇರೆ, ಅದರ ಮೇಲೆ ದುಡ್ಡು ಕಟ್ಟೋದು ಬೇರೆ. ಪ್ರವಾದಿಯವರು ಮದೀನಾದಲ್ಲಿ ಕುದುರೆಗಳ ಓಟ ಏರ್ಪಡಿಸಿದ್ದರು. ಪಳಗಿಸಿದ ಕುದುರೆಗಳಿಗೆ ಉದ್ದದ ದಾರಿ, ಪಳಗಿಸದವುಗಳಿಗೆ ಗಿಡ್ಡ ದಾರಿ ಗೊತ್ತು ಮಾಡಿದ್ದರು. ಸ್ವತಃ ಆ ಓಟದಲ್ಲಿ ಪಾಲ್ಗೊಂಡಿದ್ದ ಇಬ್ನು ಉಮರ್ ಅವರೇ ಇದನ್ನು ವರದಿ ಮಾಡಿರುವುದು ಬುಖಾರಿಯಲ್ಲಿದೆ. ನಮ್ಮ ಕರಾವಳಿಗೂ ಕುದುರೆ ಹೊಸದಲ್ಲ. ವಿಜಯನಗರದ ಸೈನ್ಯಕ್ಕೆ ಅರಬ್ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು.

ಗೆದ್ದ ಮೇಲೆ ಖದೀಜಾ ಫೋಟೋಗೆ ಪೋಸ್ ಕೊಟ್ಟು ಸುಮ್ಮನಾಗಲಿಲ್ಲ. ಅವಳ ಕಥೆಯ ಸಾಕ್ಷ್ಯಚಿತ್ರ 'ರೈಡಿಂಗ್ ಎ ಡ್ರೀಮ್' ಅದೇ ವರ್ಷ ಬ್ರಿಟನ್ನಿನ ಐಟಿವಿಯಲ್ಲಿ ಬಂತು. ಅವಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು ಬ್ರೈಟನ್ ವಿಶ್ವವಿದ್ಯಾಲಯಕ್ಕೆ ಸೇರಿದಳು. 2021ರಲ್ಲಿ ಅದೇ ಸಾಕ್ಷ್ಯಚಿತ್ರದ ಹೆಸರಿನಲ್ಲಿ ಅಕಾಡೆಮಿಯೊಂದು ಶುರುವಾಯಿತು. ಸ್ಥಾಪಕರಲ್ಲಿ ಅವಳೂ ಒಬ್ಬಳು. ರೇಸ್ ಲೋಕದಲ್ಲಿ ಕಾಣಿಸದ ಸಮುದಾಯಗಳ, ಬಡ ಮನೆಗಳ ಹದಿಹರೆಯದವರಿಗೆ ಅಲ್ಲಿ ತರಬೇತಿ. ವರ್ಷಪೂರ್ತಿ ಕಲಿಸುವ ವಿದ್ಯಾರ್ಥಿವೇತನಕ್ಕೆ ಅವಳದೇ ಹೆಸರು.

ಕುದುರೆಯ 'ಫಾರ್ಮ್' ನೋಡುವವರು ಹಿಂದಿನ ಓಟಗಳಲ್ಲಿ ಎಷ್ಟನೇ ಸ್ಥಾನ ಬಂತು ಅಂತ ಅಂಕಿಗಳನ್ನು ಓದುತ್ತಾರೆ. ಖದೀಜಾಳ ವಿಷಯದಲ್ಲಿ ಹಿಂದಿನ ಅಂಕಿಯೇ ಇರಲಿಲ್ಲ. ನಮ್ಮ ಹೆಣ್ಣುಮಕ್ಕಳ ಸ್ಥಿತಿಯೂ ಬಹುತೇಕ ಹೀಗೇ. ಎಸೆಸೆಲ್ಸಿ, ಪಿಯುಸಿಯಲ್ಲಿ ಅವರ ಅಂಕಿ ನೋಡಿ ಬೀಗುತ್ತೇವೆ. ಆದರೆ ಆಟದ ಮೈದಾನದಲ್ಲಿ ಅವರ ಅಂಕಿ ಇಲ್ಲ, ಯಾಕೆಂದರೆ ನಾವು ಓಡಲು ಬಿಟ್ಟೇ ಇಲ್ಲ. "ದೊಡ್ಡವಳಾದಳು, ಇನ್ನು ಆಟ ಸಾಕು" ಅನ್ನೋ ಮಾತು ಎಷ್ಟು ಮನೆಗಳಲ್ಲಿ ಕೇಳಿಲ್ಲ? ಬಟ್ಟೆ ಅಡ್ಡಿ ಅಂತ ಒಂದು ಕಡೆಯವರು ಹೇಳುತ್ತಾರೆ, ಆಟವೇ ಬೇಡ ಅಂತ ಇನ್ನೊಂದು ಕಡೆಯವರು. ಎರಡೂ ಕಡೆಯವರ ಮಧ್ಯೆ ಹುಡುಗಿ ಮನೆಯೊಳಗೆ ಉಳಿಯುತ್ತಾಳೆ.

ಎಲ್ಲರೂ ಕುದುರೆ ಹತ್ತಬೇಕು ಅಂತ ನಾವು ಹೇಳುತ್ತಿಲ್ಲ. ಈಜು, ಶಟಲ್, ಓಟ, ಬಿಲ್ಲುಗಾರಿಕೆ, ಯಾವುದಾದರೂ ಆಗಲಿ. ಲಂಡನ್ನಿನ ಒಂದು ಮಸೀದಿಯಲ್ಲಿ ಸಿಕ್ಕ ಒಂದು ಹಾಳೆ ಇಷ್ಟು ದೂರ ಓಡಿತು. ನಮ್ಮ ಪಳ್ಳಿಗಳ ನೋಟೀಸ್ ಬೋರ್ಡಿನಲ್ಲಿ ನಮಾಝ್ ಸಮಯ, ಚಂದಾ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಹಾಳೆಗೆ ಖಂಡಿತ ಜಾಗ ಇದೆ. ಅದನ್ನು ಅಂಟಿಸುವ ಜಮಾಅತ್ ಯಾವುದು, ಓದಿ ಮಗಳಿಗೆ ಹೇಳುವ ಉಮ್ಮ ಯಾರು?